ತುಂಬು ಗಬ್ಬದ ಮೇಕೆಯ ಲಿವರ್ ಹಳದಿಯಾಗುವುದು ಯಾಕೆ?

ಪ್ರಶ್ನೆ: ನಾವು ಯಲಹಂಕದ ಆಚೆ, ರಾಜಾನುಕುಂಟೆ ಹತ್ತಿರ ಸಣ್ಣ ಶೆಡ್ ಹಾಕಿ ಮೇಕೆ ಸಾಕುತ್ತಿದ್ದೇವೆ. ಮೂರನೇ ಸೂಲಿನ ಒಂದು ಮೇಕೆ, ಮರಿ ಹಾಕಲು ಇನ್ನೂ ಎರಡು ವಾರ ಇರುವಾಗ ಸತ್ತುಹೋಯಿತು. ಅದು ಚೆನ್ನಾಗಿ ಕೊಬ್ಬಿತ್ತು. ಮರಿ ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಯಾರೋ ಹೇಳಿದರು, ಅದಕ್ಕೇ ಕೊನೆಯ ತಿಂಗಳು ಕೈತಿಂಡಿ (ನುಚ್ಚು, ಬೂಸಾ, ಹಿಂಡಿ) ನಿಲ್ಲಿಸಿ ಬರೀ ರಾಗಿ ಹುಲ್ಲು ಹಾಕಿದೆವು. ಜಡಿ ಮಳೆ ಹಿಡಿದಿದ್ದರಿಂದ ಮೇಯಲೂ ಬಿಟ್ಟಿರಲಿಲ್ಲ. ಮೊದಲು ಮೇವು ಬಿಟ್ಟಿತು. ಆಮೇಲೆ ಹಲ್ಲು ಕಡಿಯುತ್ತಾ, ಗೋಡೆಗೆ ತಲೆ ಒತ್ತಿಕೊಂಡು ನಿಲ್ಲುತ್ತಿತ್ತು. ಅಜೀರ್ಣ ಎಂದು ಪುಡಿ ಹಾಕಿಸಿದೆವು. ನಾಲ್ಕನೇ ದಿನ ಮಲಗಿದ್ದು ಏಳಲೇ ಇಲ್ಲ. ಪೋಸ್ಟ್‌ಮಾರ್ಟಂನಲ್ಲಿ ಹೊಟ್ಟೆಯಲ್ಲಿ ಮೂರು ಮರಿ ಇದ್ದವು. ಲಿವರ್ ಹಳದಿಯಾಗಿ ಊದಿಕೊಂಡಿತ್ತು, ಮುಟ್ಟಿದರೆ ಒಡೆಯುತ್ತಿತ್ತು. ಇದು ಲಿವರ್ ಹುಳದ ಕಾಟವೇ? ಇನ್ನೂ ನಾಲ್ಕು ಮೇಕೆ ಗಬ್ಬ ಇವೆ. ಅವಕ್ಕೆ ಲಿವರ್ ಟಾನಿಕ್ ಕುಡಿಸಿದರೆ ಸಾಕಾ?

ಉತ್ತರ: ಮೂರು ಮರಿಗಳ ಸಮೇತ ತಾಯಿಯನ್ನು ಕಳೆದುಕೊಂಡಿದ್ದೀರಿ. ತುಂಬಾ ಬೇಸರದ ವಿಷಯ. ಉಳಿದ ನಾಲ್ಕನ್ನು ಉಳಿಸಿಕೊಳ್ಳಲು ಇನ್ನೂ ಸಮಯವಿದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೀವು ಬರೆದಿರುವ ಲಕ್ಷಣ, ಮೂರು ಮರಿ, ಹಳದಿ ಲಿವರ್, ಈ ಮೂರನ್ನೂ ಸೇರಿಸಿ ನೋಡಿದರೆ ಇದು ಗರ್ಭನಂಜು. ಡಾಕ್ಟರುಗಳು ಪ್ರೆಗ್ನೆನ್ಸಿ ಟಾಕ್ಸೀಮಿಯಾ ಎನ್ನುತ್ತಾರೆ. ಹೆಸರಿನಲ್ಲಿ ನಂಜು ಎಂದಿದ್ದರೂ ಹೊರಗಿನ ವಿಷ ಯಾವುದೂ ಇಲ್ಲ. ಅಂಟುರೋಗವೂ ಅಲ್ಲ, ಒಂದರಿಂದ ಇನ್ನೊಂದಕ್ಕೆ ಹರಡುವುದಿಲ್ಲ. ಲಿವರ್ ಹುಳ ಆಗಿದ್ದರೆ ಪೋಸ್ಟ್‌ಮಾರ್ಟಂ ಮಾಡಿದವರಿಗೆ ಪಿತ್ತನಾಳಗಳು ದಪ್ಪಗಾಗಿರುವುದು, ಒಳಗೆ ಎಲೆಯಾಕಾರದ ಚಪ್ಪಟೆ ಹುಳಗಳು ಕಾಣಿಸುತ್ತಿದ್ದವು. ಜೀವ ಇದ್ದಾಗಲೂ ಮೇಕೆ ವಾರಗಟ್ಟಲೆ ಸೊರಗಿ, ಕಣ್ಣಿನ ಒಳಭಾಗ ಬಿಳಿಚಿಕೊಂಡು, ಗದ್ದದ ಕೆಳಗೆ ನೀರು ತುಂಬಿಕೊಳ್ಳುವುದು ಸಾಮಾನ್ಯ. ನಿಮ್ಮದು ಕೊಬ್ಬಿದ ಮೇಕೆ, ನಾಲ್ಕೈದು ದಿನದಲ್ಲಿ ಮುಗಿದುಹೋಗಿದೆ. ಲಿವರ್ ಹಳದಿಯಾಗಿದ್ದು ಅದರ ತುಂಬಾ ಕೊಬ್ಬು ತುಂಬಿಕೊಂಡಿದ್ದರಿಂದ. ಅಂಥ ಲಿವರಿನ ತುಂಡನ್ನು ನೀರಿಗೆ ಹಾಕಿದರೆ ಎಷ್ಟೋ ಸಲ ತೇಲುತ್ತದೆ, ಅಷ್ಟು ಕೊಬ್ಬು ಇರುತ್ತದೆ.

ಆದರೆ ಕಾಯಿಲೆ ಶುರುವಾಗಿದ್ದು ಲಿವರಿನಲ್ಲಿ ಅಲ್ಲ. ಕೊನೆಯ ಆರು ವಾರದ ಮೇವಿನಲ್ಲಿ. ಇದನ್ನು ಸರಿಯಾಗಿ ತಿಳಿದುಕೊಂಡರೆ ಟಾನಿಕ್ ಬೇಕೇ ಬೇಡವೇ ಎನ್ನುವುದು ನಿಮಗೇ ಗೊತ್ತಾಗುತ್ತದೆ.

ನಾವು ಅನ್ನವೋ ಮುದ್ದೆಯೋ ತಿಂದರೆ ಅದು ಸಕ್ಕರೆಯಾಗಿ ಕರುಳಿನಿಂದ ನೇರ ರಕ್ತಕ್ಕೆ ಹೋಗುತ್ತದೆ. ಮೆಲುಕು ಹಾಕುವ ಪ್ರಾಣಿಯಲ್ಲಿ ಹಾಗಲ್ಲ. ಅದು ತಿಂದ ಪಿಷ್ಟ, ಸಕ್ಕರೆ, ನಾರಿನ ಬಹುಪಾಲನ್ನು ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೊದಲು ಹುಳಿ ಬರಿಸಿ ಆಮ್ಲಗಳಾಗಿ ಮಾಡುತ್ತವೆ. ಅವುಗಳಲ್ಲಿ ಒಂದು ಪ್ರೊಪಿಯಾನಿಕ್ ಆಮ್ಲ. ಲಿವರ್ ಅದನ್ನು ತೆಗೆದುಕೊಂಡು ಗ್ಲೂಕೋಸ್ ತಯಾರಿಸುತ್ತದೆ. ಅಂದರೆ ಮೇಕೆಯ ರಕ್ತದಲ್ಲಿರುವ ಸಕ್ಕರೆಯ ಬಹುಪಾಲು ಅದರ ಲಿವರ್ ಆ ದಿನ ದುಡಿದು ಮಾಡಿದ್ದು. ಮೇವು ಬರಲಿಲ್ಲ ಅಂದರೆ ಸಕ್ಕರೆಯೂ ಇಲ್ಲ.

ಈಗ ಗಬ್ಬದ ಲೆಕ್ಕ ನೋಡಿ. ಮೇಕೆ ಸುಮಾರು 150 ದಿನ ಗಬ್ಬ ಹೊರುತ್ತದೆ. ಮೊದಲ ಮೂರೂವರೆ ತಿಂಗಳು ಮರಿ ಅಷ್ಟೇನೂ ಬೆಳೆಯುವುದಿಲ್ಲ. ಹುಟ್ಟುವಾಗಿನ ತೂಕದ ಮುಕ್ಕಾಲು ಪಾಲಿನಷ್ಟು ಬರುವುದು ಕೊನೆಯ ಆರು ವಾರದಲ್ಲೇ. ಆಗ ಒಂದೊಂದು ಮರಿಯೂ ದಿನಕ್ಕೆ ಸುಮಾರು 30ರಿಂದ 40 ಗ್ರಾಂ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ತಾಯಿಗೆ ಉಳಿಯಿತೋ ಬಿಟ್ಟಿತೋ, ಮರಿ ಎಳೆಯುವುದನ್ನು ನಿಲ್ಲಿಸುವುದಿಲ್ಲ. ನಿಮ್ಮ ಮೇಕೆಯಲ್ಲಿ ಮೂರು ಮರಿ ಇದ್ದವು. ಜೊತೆಗೆ ಬಸಿರು ಬೆಳೆದಂತೆ ಗರ್ಭಕೋಶ ದೊಡ್ಡ ಹೊಟ್ಟೆಯನ್ನು ಒತ್ತುತ್ತದೆ. ಜಾಸ್ತಿ ತಿನ್ನಬೇಕಾದ ಹೊತ್ತಿನಲ್ಲೇ ತಿನ್ನಲು ಜಾಗ ಕಡಿಮೆ. ಒಳಗೆ ಕೊಬ್ಬು ತುಂಬಿದ್ದರೆ ಜಾಗ ಇನ್ನೂ ಕಡಿಮೆ. ಇಂಥ ಸಮಯದಲ್ಲಿ ಬರೀ ರಾಗಿ ಹುಲ್ಲು ಹಾಕಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ.

ಸಕ್ಕರೆ ಸಾಲದಾದಾಗ ದೇಹ ತನ್ನ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ. ಆ ಕೊಬ್ಬು ಹೋಗಿ ಸೇರುವುದು ಲಿವರಿಗೆ. ಅದರಲ್ಲಿ ಸ್ವಲ್ಪವನ್ನು ಲಿವರ್ ಪೂರ್ತಿ ಉರಿಸಿ ಶಕ್ತಿ ಮಾಡಿಕೊಳ್ಳುತ್ತದೆ. ಆದರೆ ಪೂರ್ತಿ ಉರಿಸಲು ಆಕ್ಸಲೋಅಸಿಟೇಟ್ ಎಂಬ ಒಂದು ವಸ್ತು ಬೇಕು. ಲಿವರ್ ಅದನ್ನು ಆಗಲೇ ಗ್ಲೂಕೋಸ್ ಮಾಡಲು ಖರ್ಚು ಮಾಡುತ್ತಿರುತ್ತದೆ. ಹಾಗಾಗಿ ಕೊಬ್ಬು ಅರ್ಧಂಬರ್ಧ ಉರಿದು ಕೀಟೋನ್‌ಗಳಾಗುತ್ತದೆ. ಬಾಯಿಂದ ಬರುವ ಸಿಹಿ ಮಿಶ್ರಿತ ಘಾಟು ಇದರದ್ದೇ. ಎಲ್ಲರ ಮೂಗಿಗೂ ಆ ವಾಸನೆ ಸಿಕ್ಕುವುದಿಲ್ಲ, ವಾಸನೆ ಬರಲಿಲ್ಲ ಅಂತ ಕಾಯಿಲೆ ಇಲ್ಲ ಎಂದುಕೊಳ್ಳಬೇಡಿ. ಕೀಟೋನ್‌ಗಳು ಆಮ್ಲ. ರಕ್ತದಲ್ಲಿ ಹೆಚ್ಚಾದಂತೆ ರಕ್ತ ಹುಳಿಯಾಗುತ್ತದೆ, ಮೇಕೆಗೆ ಹಸಿವು ಇನ್ನೂ ಸಾಯುತ್ತದೆ.

ಉರಿಯದೆ ಉಳಿದ ಕೊಬ್ಬು ಲಿವರಿನಲ್ಲೇ ನಿಲ್ಲುತ್ತದೆ. ಅದನ್ನು ಪ್ರೋಟೀನಿನ ಜೊತೆ ಕಟ್ಟಿ ರಕ್ತದ ಮೂಲಕ ಹೊರಗೆ ಕಳಿಸುವ ವ್ಯವಸ್ಥೆ ಲಿವರಿಗೆ ಇದೆ, ಆದರೆ ಮೆಲುಕು ಹಾಕುವ ಪ್ರಾಣಿಗಳಲ್ಲಿ ಅದು ತುಂಬಾ ನಿಧಾನ. ಯಶವಂತಪುರದ ಎಪಿಎಂಸಿ ಯಾರ್ಡಿಗೆ ನೂರು ಲಾರಿ ಈರುಳ್ಳಿ ಬಂದು, ಹೊರಗೆ ಹೋಗಲು ಐದೇ ಲಾರಿ ಸಿಕ್ಕರೆ ಏನಾಗುತ್ತದೋ ಹಾಗೆ. ಮೂಟೆಗಳು ದಾರಿಗೆಲ್ಲ ಬಿದ್ದು, ಇದ್ದ ಕೆಲಸವೂ ನಿಂತುಹೋಗುತ್ತದೆ. ಲಿವರಿನ ಜೀವಕೋಶಗಳಲ್ಲಿ ಕೊಬ್ಬಿನ ಹನಿಗಳು ತುಂಬಿಕೊಂಡ ಮೇಲೆ ಗ್ಲೂಕೋಸ್ ತಯಾರಿಕೆಯೂ ಕುಂಠಿತವಾಗುತ್ತದೆ. ಗ್ಲೂಕೋಸ್ ಕಡಿಮೆಯಾದರೆ ಇನ್ನಷ್ಟು ಕೊಬ್ಬು ಕರಗುತ್ತದೆ, ಅದೂ ಬಂದು ಲಿವರಿಗೇ ಬೀಳುತ್ತದೆ. ಈ ಸುತ್ತು ಶುರುವಾದ ಮೇಲೆ ಮೇಕೆ ತಾನಾಗಿ ಹೊರಗೆ ಬರುವುದು ಬಹಳ ಕಷ್ಟ. ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಮಿದುಳಿಗೆ ಸಕ್ಕರೆ ಸಾಲದೆ ಕಣ್ಣು ಕಾಣದಂತಾಗುವುದು, ಗೋಡೆಗೆ ತಲೆ ಒತ್ತುವುದು, ಕಿವಿ ತುಟಿ ಅದುರುವುದು ಕಾಣಿಸುತ್ತದೆ. ನೀವು ಕಂಡಿದ್ದು ಅದನ್ನೇ.

ಕೊಬ್ಬಿದ ಮೇಕೆಗೆ ಮೇವು ಕಡಿಮೆ ಮಾಡಿದ್ದರ ಬಗ್ಗೆ ಒಂದು ಮಾತು. ಇದು ನಿಮ್ಮೊಬ್ಬರ ತಪ್ಪು ಕಲ್ಪನೆ ಅಲ್ಲ, ಬೆಂಗಳೂರಿನ ಸುತ್ತಮುತ್ತ ಎಷ್ಟೋ ಕಡೆ ಇದೇ ಸಲಹೆ ಕೊಡುತ್ತಾರೆ. ದಯವಿಟ್ಟು ಇದನ್ನು ಕೇಳಬೇಡಿ. ಕೊಬ್ಬು ಇಳಿಸಬೇಕಾದರೆ ಹೋತ ಬಿಡುವ ಮೊದಲು ಇಳಿಸಬೇಕು. ಹೆಚ್ಚೆಂದರೆ ಗಬ್ಬದ ಮೊದಲ ಎರಡು ಮೂರು ತಿಂಗಳಲ್ಲಿ ನಿಧಾನವಾಗಿ. ಕೊನೆಯ ಆರು ವಾರದಲ್ಲಿ ಕೊಬ್ಬಿದ ಮೇಕೆಯನ್ನು ಉಪವಾಸ ಕೆಡವಿದರೆ ಅದರ ಕೊಬ್ಬೇ ಲಿವರಿಗೆ ನುಗ್ಗುತ್ತದೆ. ಬಡಕಲು ಮೇಕೆಗೂ ಈ ಕಾಯಿಲೆ ಬರುತ್ತದೆ, ಅದು ಶುದ್ಧ ಹಸಿವಿನಿಂದ ಬರುವಂಥದ್ದು. ನಮ್ಮ ನಗರದ ಅಂಚಿನ ಶೆಡ್‌ಗಳಲ್ಲಿ ಕೊಬ್ಬಿದ ಮೇಕೆಗಳ ಬಗ್ಗೆ ನನಗೆ ಹೆಚ್ಚು ಭಯ. ಓಡಾಟ ಇಲ್ಲ, ಛತ್ರದ ಅನ್ನ, ಬೇಕರಿಯ ಬನ್ನು ಸಿಗುತ್ತದೆ, ಮೊದಮೊದಲು ಚೆನ್ನಾಗಿ ತಿಂದು ಕೊಬ್ಬುತ್ತವೆ. ಮೇಕೆಯ ಕೊಬ್ಬು ಹೊರಗೆ ಕಾಣುವುದೂ ಇಲ್ಲ. ಚರ್ಮದ ಕೆಳಗಿಗಿಂತ ಹೊಟ್ಟೆಯ ಒಳಗೆ ಜಾಸ್ತಿ ಶೇಖರವಾಗುತ್ತದೆ. ಬೆನ್ನು ನೋಡಿದರೆ ಸಾಧಾರಣ ಅನಿಸುವ ಮೇಕೆಯ ಒಳಗೆ ಕಿಲೋಗಟ್ಟಲೆ ಕೊಬ್ಬು ಇರಬಹುದು. ಅದಕ್ಕೇ ಸೊಂಟದ ಮೂಳೆ ಮುಟ್ಟಿ ನೋಡುವುದರ ಜೊತೆಗೆ ಮುಂಗಾಲುಗಳ ನಡುವೆ ಎದೆಮೂಳೆಯ ಮೇಲೂ ಕೈ ಇಟ್ಟು ನೋಡಬೇಕು. ಅಲ್ಲಿ ಬೆರಳಿಗೆ ಮೂಳೆ ಸಿಗದೆ ದಪ್ಪ ಕೊಬ್ಬಿನ ಗಡ್ಡೆ ಸಿಕ್ಕಿದರೆ ಅದು ಅತಿಯಾಗಿ ಕೊಬ್ಬಿದ ಮೇಕೆ.

ಅಜೀರ್ಣ ಎಂದು ಪುಡಿ ಹಾಕಿಸಿದ ವಿಷಯ. ಮೊದಲ ದಿನದ ಲಕ್ಷಣ ನಿಜಕ್ಕೂ ಅಜೀರ್ಣದ ಹಾಗೇ ಇರುತ್ತದೆ. ಮೊದಲು ಕೈತಿಂಡಿ ಬಿಡುತ್ತದೆ, ಒಣ ಹುಲ್ಲು ಒಂದಿಷ್ಟು ತಿನ್ನುತ್ತದೆ. ಹಿಂಡಿನಿಂದ ದೂರ ನಿಲ್ಲುತ್ತದೆ. ಹಿಕ್ಕೆ ಸಣ್ಣದಾಗಿ, ಗಟ್ಟಿಯಾಗಿ ಬೀಳುತ್ತದೆ. ಕಾಲು ಬಾತುಕೊಳ್ಳುವುದೂ ಉಂಟು. ಹಾಗಾಗಿ ನನ್ನ ನಿಯಮ ಇಷ್ಟೇ: ಗಬ್ಬದ ಕೊನೆಯ ತಿಂಗಳಲ್ಲಿರುವ ಮೇಕೆ ಒಂದು ಹೊತ್ತು ಮೇವು ಬಿಟ್ಟರೆ ಅದನ್ನು ಗರ್ಭನಂಜು ಎಂದೇ ಭಾವಿಸಬೇಕು, ಅಲ್ಲ ಎಂದು ಪರೀಕ್ಷೆಯಿಂದ ಗೊತ್ತಾಗುವವರೆಗೆ. ನಾಳೆ ನೋಡೋಣ ಎನ್ನುವ ಆ ಒಂದು ದಿನವೇ ಜೀವ ತೆಗೆಯುವುದು.

ಇದೇ ರೀತಿ ಕಾಣುವ ಬೇರೆ ಕಾಯಿಲೆಗಳೂ ಇವೆ. ಕ್ಯಾಲ್ಸಿಯಂ ಕಡಿಮೆಯಾದರೆ ಮೇಕೆ ನಡುಗಿ, ತೂರಾಡಿ ಬೀಳುತ್ತದೆ. ಎರಡೂ ಒಟ್ಟಿಗೆ ಬರುವುದೂ ಸಾಮಾನ್ಯ, ಅದಕ್ಕೇ ಡಾಕ್ಟರು ಕ್ಯಾಲ್ಸಿಯಂ ಕೂಡ ಕೊಡುತ್ತಾರೆ. ಲಿಸ್ಟೀರಿಯಾ ಸೋಂಕಿನಲ್ಲಿ ಜ್ವರ ಬಂದು, ಮುಖದ ಒಂದೇ ಪಕ್ಕ ಜೋತು ಬಿದ್ದು, ಮೇಕೆ ಒಂದೇ ಕಡೆಗೆ ಸುತ್ತುತ್ತದೆ. ಥಯಾಮಿನ್ (ಬಿ1 ವಿಟಮಿನ್) ಕೊರತೆಯಲ್ಲಿ ತಲೆ ಮೇಲಕ್ಕೆತ್ತಿ ಆಕಾಶ ನೋಡುತ್ತದೆ. ಛತ್ರದ ಅನ್ನ ಒಮ್ಮೆಲೇ ತಿಂದು ಹೊಟ್ಟೆ ಹುಳಿಯಾದರೂ ಮಲಗಿಬಿಡುತ್ತದೆ, ಅದರಿಂದ ಮೇವು ಬಿಟ್ಟ ಗಬ್ಬದ ಮೇಕೆ ಮಾರನೇ ದಿನ ಗರ್ಭನಂಜಿಗೂ ಬೀಳುತ್ತದೆ. ಇವನ್ನು ಬೇರ್ಪಡಿಸುವುದು ಡಾಕ್ಟರ ಕೆಲಸ.

ಪರೀಕ್ಷೆ ಕಷ್ಟವಿಲ್ಲ. ಸಕ್ಕರೆ ಕಾಯಿಲೆಯವರು ಮೂತ್ರದಲ್ಲಿ ಕೀಟೋನ್ ನೋಡಿಕೊಳ್ಳುವ ಪಟ್ಟಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಮಲಗಿದ್ದ ಮೇಕೆಯನ್ನು ಬೆಳಿಗ್ಗೆ ಎಬ್ಬಿಸಿದ ತಕ್ಷಣ ಅದು ಸಾಮಾನ್ಯವಾಗಿ ಉಚ್ಚೆ ಹೊಯ್ಯುತ್ತದೆ. ಆಗ ಬಟ್ಟಲು ಹಿಡಿಯಿರಿ. ಪಟ್ಟಿ ನೇರಳೆ ಬಣ್ಣಕ್ಕೆ ತಿರುಗಿದರೆ ಕೀಟೋನ್ ಇದೆ ಎಂದರ್ಥ. ಇನ್ನೂ ನಿಖರವಾದ್ದು ಬೇಕಾದರೆ ರಕ್ತದ ಒಂದು ಹನಿಯಿಂದ ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಎಂಬ ಕೀಟೋನ್ ಅಳೆಯುವ ಕೈಮೀಟರ್ ಇದೆ. ಅದರ ಪಟ್ಟಿ ಬೇರೆ, ಸಕ್ಕರೆ ಅಳೆಯುವ ಪಟ್ಟಿ ಬೇರೆ, ಕೊಳ್ಳುವಾಗ ನೋಡಿಕೊಳ್ಳಿ. ಲೀಟರಿಗೆ 0.8 ಮಿಲಿಮೋಲ್ ದಾಟಿದರೆ ಮೇಕೆ ಹೊರನೋಟಕ್ಕೆ ಚೆನ್ನಾಗಿದ್ದರೂ ಒಳಗೆ ತೊಂದರೆ ಶುರುವಾಗಿದೆ. 3 ದಾಟಿದರೆ ಕಾಯಿಲೆ ಜೋರಾಗಿದೆ. ಸಕ್ಕರೆ ಮಾತ್ರ ನೋಡಿ ನಿರ್ಧಾರಕ್ಕೆ ಬರಬೇಡಿ. ಕಾಯಿಲೆ ಕೊನೆಯ ಹಂತಕ್ಕೆ ಹೋದಾಗ, ಅಥವಾ ಒಳಗೆ ಮರಿ ಸತ್ತಾಗ, ಸಕ್ಕರೆ ಮಾಮೂಲಾಗಿ ಅಥವಾ ಹೆಚ್ಚಾಗಿಯೇ ಕಾಣಬಹುದು.

ಚಿಕಿತ್ಸೆಗೆ ಬರೋಣ. ಮೇಕೆ ಇನ್ನೂ ನಿಂತಿದ್ದು, ನುಂಗುವ ಶಕ್ತಿ ಇದ್ದರೆ ಪ್ರೊಪಿಲೀನ್ ಗ್ಲೈಕಾಲ್ ಕುಡಿಸುತ್ತೇವೆ. ಸಾಮಾನ್ಯವಾಗಿ 60 ಮಿಲಿಲೀಟರ್, ದಿನಕ್ಕೆ ಎರಡು ಸಲ. ಲಿವರ್ ಇದನ್ನು ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಜಾಸ್ತಿ ಹಾಕಿದರೆ ಬೇಗ ವಾಸಿಯಾಗುವುದಿಲ್ಲ, ಅದೇ ವಿಷವಾಗುತ್ತದೆ. ಡೈರಿ ಹಸುಗಳಿಗೆ ಮಾರುವ ಪಶು ಔಷಧವನ್ನೇ ಕೊಳ್ಳಿ. ಗಾಡಿಯ ಕೂಲೆಂಟ್‌ನಲ್ಲೂ ಗ್ಲೈಕಾಲ್ ಇದೆ ಎಂದು ಯಾರಾದರೂ ಹೇಳಿದರೆ ಅದನ್ನು ಹತ್ತಿರಕ್ಕೂ ತರಬೇಡಿ. ಅದರಲ್ಲಿರುವುದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ಮೂತ್ರಪಿಂಡ ಹಾಳುಮಾಡಿ ಕೊಲ್ಲುವ ವಿಷ. ಬೆಲ್ಲದ ನೀರು ಎಲ್ಲರ ಮನೆಯಲ್ಲೂ ಕುಡಿಸುತ್ತಾರೆ. ಆದರೆ ಬೆಲ್ಲ ರಕ್ತಕ್ಕೆ ಸಕ್ಕರೆಯಾಗಿ ಹೋಗುವುದಿಲ್ಲ, ದೊಡ್ಡ ಹೊಟ್ಟೆಯಲ್ಲೇ ಹುಳಿಯಾಗುತ್ತದೆ. ಸ್ವಲ್ಪ ಕೊಟ್ಟರೆ ತೊಂದರೆ ಇಲ್ಲ, ಅದನ್ನೇ ಮದ್ದು ಎಂದು ನಂಬಿ ಕೂರಬೇಡಿ. ಒಂದು ಮುಖ್ಯ ಎಚ್ಚರಿಕೆ: ಮಂಕಾಗಿ ಮಲಗಿರುವ ಮೇಕೆಗೆ ಬಾಯಿಂದ ಏನನ್ನೂ ಸುರಿಯಬೇಡಿ. ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ.

ಡಾಕ್ಟರು ಬಂದರೆ ರಕ್ತನಾಳದ ಮೂಲಕ ಡೆಕ್ಸ್ಟ್ರೋಸ್, ಅಂದರೆ ಗ್ಲೂಕೋಸ್, ಕೊಡುತ್ತಾರೆ. ಒಂದು ಬಾಟಲಿ ಹಾಕಿಸಿ ಮುಗಿಯಿತು ಎಂದುಕೊಳ್ಳುವುದು ದೊಡ್ಡ ತಪ್ಪು. ಅದರ ಪರಿಣಾಮ ಕೆಲವೇ ಗಂಟೆ, ಮತ್ತೆ ಮರಿಗಳು ಎಳೆದುಕೊಳ್ಳುತ್ತವೆ. ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಜೊತೆಗೆ ಕ್ಯಾಲ್ಸಿಯಂ, ಬಿ ವಿಟಮಿನ್‌ಗಳು, ನೀರಿನಂಶ, ರಕ್ತ ಹುಳಿಯಾಗಿದ್ದರೆ ಬೈಕಾರ್ಬೊನೇಟ್. ಕೆಲವೊಮ್ಮೆ ಇನ್ಸುಲಿನ್ ಕೂಡ ಕೊಡುತ್ತಾರೆ. ಸಕ್ಕರೆ ಕಡಿಮೆ ಇರುವ ಪ್ರಾಣಿಗೆ ಇನ್ಸುಲಿನ್ ಯಾಕೆ ಎಂದು ಗಾಬರಿಯಾಗಬೇಡಿ. ಅದು ಕೊಬ್ಬು ಕರಗಿ ಲಿವರಿಗೆ ಬರುವುದನ್ನು ತಡೆಯುತ್ತದೆ, ಗ್ಲೂಕೋಸ್ ಜೊತೆಗೇ ಕೊಡುತ್ತಾರೆ.

ಇಷ್ಟಾದರೂ ಒಂದೆರಡು ದಿನದಲ್ಲಿ ಚೇತರಿಕೆ ಕಾಣದಿದ್ದರೆ ಇರುವ ನಿಜವಾದ ದಾರಿ ಮರಿಗಳನ್ನು ಹೊರತೆಗೆಯುವುದು. ಸಕ್ಕರೆ ಎಳೆಯುವವರು ಒಳಗಿಲ್ಲದಿದ್ದರೆ ತಾಯಿಯ ಲಿವರಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಪ್ರೋಸ್ಟಾಗ್ಲಾಂಡಿನ್ ಚುಚ್ಚುಮದ್ದು ಕೊಟ್ಟರೆ ಮೇಕೆ ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಮರಿ ಹಾಕುತ್ತದೆ. ಅಷ್ಟು ಕಾಯುವ ಸ್ಥಿತಿ ಇಲ್ಲದಿದ್ದರೆ ಸಿಸೇರಿಯನ್. ಈ ತೀರ್ಮಾನಕ್ಕೆ ಬೇಕಾದ ಒಂದೇ ಮಾಹಿತಿ ನಿಮ್ಮ ಕೈಯಲ್ಲಿದೆ: ಹೋತ ಬಿಟ್ಟ ತಾರೀಕು. 140 ದಿನ ದಾಟಿದ ಮರಿ ಬದುಕುವ ಸಾಧ್ಯತೆ ಇದೆ, 125 ದಿನದ ಮರಿ ಉಳಿಯುವುದು ಬಹಳ ಕಷ್ಟ. ಕೆಲವೊಮ್ಮೆ ತಾಯಿಯೋ ಮರಿಯೋ ಎಂದು ಆರಿಸಲೇಬೇಕಾಗುತ್ತದೆ. ನನ್ನನ್ನು ಕೇಳಿದರೆ ತಾಯಿಯನ್ನೇ ಉಳಿಸಿ ಎನ್ನುತ್ತೇನೆ. ತಾಯಿ ಸತ್ತರೆ ಹೊಟ್ಟೆಯೊಳಗಿನ ಮರಿಗಳೂ ಉಳಿಯುವುದಿಲ್ಲ. ಮಲಗಿ ಏಳಲಾಗದ ಹಂತಕ್ಕೆ ಹೋದ ಮೇಲೆ, ಏನೇ ಮಾಡಿದರೂ, ಸಾಯುವವೇ ಹೆಚ್ಚು.

ಈಗ ಟಾನಿಕ್. ಸುಮ್ನೆ ದುಡ್ಡು ಹಾಕಬೇಡಿ. ಎಷ್ಟೋ ಲಿವರ್ ಟಾನಿಕ್‌ಗಳಲ್ಲಿ ಕೋಲಿನ್ ಎಂಬ ಪೋಷಕಾಂಶ ಇರುತ್ತದೆ, ಲಿವರಿನಿಂದ ಕೊಬ್ಬು ಹೊರಗೆ ಕಳಿಸಲು ಅದು ಬೇಕು ಎನ್ನುವುದು ನಿಜ. ಆದರೆ ಸಾಧಾರಣ ಕೋಲಿನ್ ಕುಡಿಸಿದರೆ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಅದರ ಬಹುಪಾಲನ್ನು ಅಲ್ಲೇ ಒಡೆದುಹಾಕುತ್ತವೆ. ಹೊಟ್ಟೆಯಲ್ಲಿ ಒಡೆಯದಂತೆ ಲೇಪ ಹಾಕಿದ ಕೋಲಿನ್ ಬೇರೆಯೇ ಬರುತ್ತದೆ. ಅದೂ ಮೇವಿನ ಬದಲಿಗೆ ಅಲ್ಲ. ಟಾನಿಕ್ಕಿನ ದುಡ್ಡಿಗೆ ಮೆಕ್ಕೆಜೋಳ ತನ್ನಿ. ನಿಮ್ಮ ಮೇಕೆಯ ಲಿವರಿಗೆ ಬೇಕಿದ್ದದ್ದು ಅದು.

ನಾಲ್ಕು ಮೇಕೆಗಳಿಗೂ ಗಬ್ಬದ 100ನೇ ದಿನದಿಂದ ಕೈತಿಂಡಿ ಶುರು ಮಾಡಿ. 35-40 ಕೆಜಿ ತೂಗುವ ಮೇಕೆಗೆ ದಿನಕ್ಕೆ 200 ಗ್ರಾಂನಿಂದ ಆರಂಭಿಸಿ, ನಿಧಾನವಾಗಿ ಏರಿಸಿ ಕೊನೆಯ ಎರಡು ವಾರದಲ್ಲಿ 400ರಿಂದ 500 ಗ್ರಾಂಗೆ ತನ್ನಿ. ಎರಡು ಮೂರು ಹೊತ್ತಿಗೆ ಹಂಚಿ ಹಾಕಿ, ಒಮ್ಮೆಲೇ ಸುರಿಯಬೇಡಿ. ಮನೆಯಲ್ಲೇ ಮಾಡುವುದಾದರೆ ನೂರು ಕೆಜಿಗೆ ಮೆಕ್ಕೆಜೋಳದ ನುಚ್ಚು 40, ಗೋಧಿ ಬೂಸಾ 35, ಕಡಲೆಕಾಯಿ ಹಿಂಡಿ 22, ಖನಿಜ ಮಿಶ್ರಣ 2, ಉಪ್ಪು 1. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಎಸೆದುಬಿಡಿ, ಅದರಲ್ಲಿರುವ ಅಫ್ಲಾಟಾಕ್ಸಿನ್ ಲಿವರಿಗೇ ವಿಷ. ಈಗಾಗಲೇ ನಾಲ್ಕನೇ ತಿಂಗಳು ದಾಟಿರುವ ಮೇಕೆ ಇದ್ದರೆ ಅದಕ್ಕೆ 200 ಗ್ರಾಂ ಇಂದೇ ಶುರು ಮಾಡಿ, ಎರಡು ಮೂರು ದಿನಕ್ಕೊಮ್ಮೆ 50 ಗ್ರಾಂ ಏರಿಸಿ.

ರಾಗಿ ಹುಲ್ಲು ಕಡಿಮೆ ಮಾಡಿ, ಸೊಪ್ಪು ಹೆಚ್ಚಿಸಿ. ಹಲಸು, ಅಗಸೆ, ನುಗ್ಗೆ, ಸುಬಾಬುಲ್ ಎಲ್ಲ ಆಗುತ್ತದೆ. ಸುಬಾಬುಲ್ ಮಾತ್ರ ಒಟ್ಟು ಮೇವಿನ ಮೂರನೇ ಒಂದು ಭಾಗ ದಾಟದಿರಲಿ. ನಿಮಗೆ ದೇವನಹಳ್ಳಿ ಕಡೆ ಹತ್ತಿರ ಅಲ್ವಾ, ರೇಷ್ಮೆ ಬೆಳೆಗಾರರಿಂದ ಹಿಪ್ಪುನೇರಳೆ ಸೊಪ್ಪು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಕಡಿಮೆ. ಆದರೆ ಹುಳು ಮೇಯಿಸಿದ ತಟ್ಟೆಯಲ್ಲಿ ಉಳಿದದ್ದು ಬೇಡ. ಅದರ ಮೇಲೆ ಸುಣ್ಣ, ಸೋಂಕುನಾಶಕ ಪುಡಿ ಉದುರಿಸಿರುತ್ತಾರೆ. ತೋಟದಿಂದ ಕೊಯ್ದದ್ದೇ ತನ್ನಿ, ಇತ್ತೀಚೆಗೆ ಔಷಧಿ ಹೊಡೆದಿಲ್ಲ ಎಂದು ಕೇಳಿಕೊಂಡು.

ಜಡಿ ಮಳೆಯ ದಿನಗಳಲ್ಲಿ ಮೇಯಲು ಬಿಡಲಾಗದಿದ್ದರೆ ಶೆಡ್ಡಿನಲ್ಲೇ ಸೊಪ್ಪು ಕಟ್ಟಿ. ಒಂದು ಹೊತ್ತೂ ಹೊಟ್ಟೆ ಖಾಲಿ ಇರಬಾರದು. ಗಬ್ಬದ ಮೇಕೆಗಳಿಗೆ ಬೇರೆ ಗೊಂತು ಮಾಡಿ, ಗುದ್ದುವ ಜೋರಿನ ಮೇಕೆಗಳ ಜೊತೆ ಹಾಕಿದರೆ ಅವಕ್ಕೆ ತಿನ್ನಲು ಸಿಗುವುದಿಲ್ಲ. ಲಾರಿಯಲ್ಲಿ ಸಾಗಿಸುವುದು, ಗೊರಸು ಕತ್ತರಿಸಲು ಕೆಡವುವುದು ಈಗ ಬೇಡ. ದಿನಾ ಸ್ವಲ್ಪ ನಡೆಸಿ. ಸಾಧ್ಯವಾದರೆ ನಾಲ್ಕಕ್ಕೂ ಸ್ಕ್ಯಾನ್ ಮಾಡಿಸಿ, ಯಾವುದರಲ್ಲಿ ಎರಡು ಮೂರು ಮರಿ ಇದೆ ಎಂದು ಗೊತ್ತಾಗಲಿ. ಮರಿಗಳ ಎಣಿಕೆ ಸರಿಯಾಗಿ ಸಿಗುವುದು ಎರಡು ಮೂರನೇ ತಿಂಗಳಲ್ಲಿ, ಆಮೇಲೆ ಮರಿ ದೊಡ್ಡದಾಗಿ ಎಣಿಸುವುದು ಕಷ್ಟ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಿಮಗೆ ದೂರವಿಲ್ಲ, ಅಲ್ಲಿ ವಿಚಾರಿಸಿ. ಶೆಡ್ಡಿಗೇ ಡಾಕ್ಟರು ಬೇಕಾದರೆ ಪಶು ಸಂಜೀವಿನಿಯ 1962ಕ್ಕೆ ಕರೆ ಮಾಡಿ. ಕರೆ ಮಾಡಿದಾಗ ಎಷ್ಟನೇ ದಿನದ ಗಬ್ಬ, ಯಾವಾಗಿಂದ ಮೇವು ಬಿಟ್ಟಿದೆ, ಕೀಟೋನ್ ಪಟ್ಟಿಯ ಬಣ್ಣ ಏನಾಯಿತು, ಈ ಮೂರನ್ನೂ ಹೇಳಿ.

ಕೊನೆಯ ಮೂರು ವಾರದಲ್ಲಿ ವಾರಕ್ಕೆ ಎರಡು ಸಲ ಪಟ್ಟಿ ಹಚ್ಚಿ ನೋಡಿ. ಕಾಯಿಲೆ ಬಿದ್ದು ಬದುಕಿದ ಮೇಕೆ ಇದ್ದರೆ ಅದರ ಲಿವರ್ ವಾಪಸ್ ಸರಿಹೋಗುತ್ತದೆ. ಮರಿ ಹಾಕಿ, ಚೆನ್ನಾಗಿ ತಿನ್ನತೊಡಗಿದ ಮೇಲೆ ಕೆಲವು ವಾರಗಳಲ್ಲಿ ಕೊಬ್ಬು ಕರಗುತ್ತದೆ. ಮರಿ ಹಾಕಿದಾಗ ಅದರ ಕೆಚ್ಚಲಲ್ಲಿ ಗಿಣ್ಣು ಹಾಲು ಸಾಕಷ್ಟು ಇಳಿಯದಿರಬಹುದು. ಅದಕ್ಕಿಂತ ಮೊದಲು ಈದ ಇನ್ನೊಂದು ಮೇಕೆಯ ಗಿಣ್ಣನ್ನು ಕರೆದು ಫ್ರೀಜರಿನಲ್ಲಿ ಇಟ್ಟುಕೊಂಡಿರಿ. ಕೊಡುವಾಗ ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟು ಕರಗಿಸಿ, ಒಲೆಯ ಮೇಲೆ ಕುದಿಸಬೇಡಿ.